ಮೂಳೆ ಚೆನ್ನಾಗಿ ಕೂಡಿದೆ

ಜೂನ್ ೧೨, ಬುಧವಾರ

ಪ್ರೀತಿಯ ವಟವಟಿ,

ಹೇಗಿದ್ದೀಯ? ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಉತ್ತರ ಬರೆಯದ್ದಕ್ಕೆ ಬೈದುಕೋ, ಮುನಿಸಿಕೊಳ್ಳಬೇಡ. ಕುಳಿತರೆ ಬೆನ್ನು ಉರಿಯುತ್ತದೆ, ಮಲಗಿ ಬರೆದರೆ ಅಕ್ಷರವೆಲ್ಲ ಕಾಗೆಕಾಲು ಗುಬ್ಬಿಕಾಲು.

ನಿನಗೂ ಬೆನ್ನುಮೂಳೆ ಜೋಡಿಸುವ ಆಪರೇಷನ್ ಹೇಳಿದ್ದಾರೆ, ‘ಮಾಡಿಸಿಕೊಂಡವಳು ನೀನು, ನೀನೇ ಹೇಳು’ ಎಂದು ಕೇಳಿದ್ದೀಯ. ಹೇಳುತ್ತೇನೆ.

ಮೂವತ್ತು ವರ್ಷ ನಿಂತೇ ಹೆಂಗಸರ ಕೂದಲು ಕತ್ತರಿಸಿದವಳು ನಾನು. ಒಂದು ಮೂಳೆ ಮುಂದಕ್ಕೆ ಜಾರಿ ನರ ಒತ್ತುತ್ತಿತ್ತು. ಪಾರ್ಲರಿನಿಂದ ಮನೆಗೆ ಬರುವಷ್ಟರಲ್ಲಿ ಕಂಡ ಕಂಡ ಅಂಗಡಿಯ ಮೆಟ್ಟಿಲ ಮೇಲೆಲ್ಲ ಕೂರುತ್ತಿದ್ದೆ. ಡಾಕ್ಟರು ಏನನ್ನೂ ಮುಚ್ಚಿಡಲಿಲ್ಲ. “ಹೆಚ್ಚಿನೋರಿಗೆ ಒಳ್ಳೇದಾಗುತ್ತೆ. ಕೆಲವರಿಗೆ ಕೀವಾಗ್ಬಹುದು, ನರಕ್ಕೆ ಪೆಟ್ಟಾಗ್ಬಹುದು, ನೋವು ಹೋಗ್ದೇನೂ ಇರ್ಬಹುದು” ಎಂದರು. ಕೆಲವರು ಎಂದರೆ ಬೇರೆ ಯಾರೋ ಎಂದುಕೊಂಡೆ.

ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯ ಟೀಚರಮ್ಮ ಅದೇ ಆಪರೇಷನ್ ಮಾಡಿಸಿಕೊಂಡು ನಗುನಗುತ್ತಾ ನಡೆದು ಮನೆಗೆ ಹೋದರು. ನನಗೆ ಆಪರೇಷನ್ ಮುಗಿದು ಎಚ್ಚರವಾದಾಗ ಬಲಪಾದ ಇರಲೇ ಇಲ್ಲ. ಕಣ್ಣಿಗೆ ಕಾಣುತ್ತಿತ್ತು, ನನ್ನದಾಗಿರಲಿಲ್ಲ. ಮೂಳೆ ಜೋಡಿಸಲು ಹಾಕಿದ ಸ್ಕ್ರೂ ನರಕ್ಕೆ ತಾಗಿದೆಯೆಂದು ಮತ್ತೆ ಕೊಯ್ದು ಸರಿಪಡಿಸಿದರು. ಆಮೇಲೆ ಗಾಯದಲ್ಲಿ ಕೀವು ತುಂಬಿ ಜ್ವರ ಬಂತು. ಇನ್ನೊಮ್ಮೆ ತೆರೆದು ತೊಳೆದರು. ಪಾದ ಮಾತ್ರ ಮರಳಲಿಲ್ಲ. ನಡೆದರೆ ನೆಲ ಸವರಿಕೊಂಡು ಬರುತ್ತದೆ, ಚಪ್ಪಲಿ ಕಳಚಿದರೂ ತಿಳಿಯುವುದಿಲ್ಲ.

ಕಳೆದ ವಾರ ಎಕ್ಸ್‌ರೇ ನೋಡಿ ಡಾಕ್ಟರು, “ಮೂಳೆ ಚೆನ್ನಾಗಿ ಕೂಡಿದೆ ಅಮ್ಮಾ” ಎಂದರು.

“ಪಾದ?” ಎಂದೆ.

ಎಕ್ಸ್‌ರೇಯಿಂದ ಕಣ್ಣು ಕೀಳದೆ, “ಅದರ ಮೇಲೆ ಆಸೆ ಇಟ್ಕೋಬೇಡಿ” ಎಂದರು.

ಪಾರ್ಲರನ್ನು ತಂಗಿಗೆ ಬಿಟ್ಟುಕೊಟ್ಟೆ. ಹಳೇ ಗಿರಾಕಿಗಳು ಫೋನು ಮಾಡಿ “ಯಾವಾಗ ಬರ್ತೀರಿ?” ಎನ್ನುತ್ತಾರೆ. “ನಿಮ್ಮ ತಲೆ ಕೆಡಿಸೋಕೆ ನನ್ನ ತಂಗಿ ಇದ್ದಾಳಲ್ಲ” ಎಂದು ನಗಿಸಿ ಇಟ್ಟುಬಿಡುತ್ತೇನೆ. ಆಮೇಲೆ ಗೋಡೆ ನೋಡುತ್ತಾ ಕೂರುತ್ತೇನೆ.

ಮಾಡಿಸಿಕೋ ಎನ್ನಲಾರೆ, ಬೇಡವೆಂದೂ ಹೇಳಲಾರೆ. ಟೀಚರಮ್ಮನನ್ನು ಕೇಳಿದ್ದರೆ ಕಣ್ಣುಮುಚ್ಚಿ ಮಾಡಿಸಿಕೋ ಎನ್ನುತ್ತಿದ್ದರು. ಇನ್ನೊಬ್ಬ ಡಾಕ್ಟರನ್ನೂ ಕಾಣು. ಮಾಡಿಸದೇ ಇದ್ದರೆ ಏನಾಗುತ್ತದೆ ಎಂದೂ ಕೇಳು. ನಿನ್ನ ಸಕ್ಕರೆ ಹತೋಟಿಗೆ ಬರದೆ ಹೂಂ ಅನ್ನಬೇಡ.

ಮೊಮ್ಮಗಳಿಗೆ ನನ್ನ ಆಶೀರ್ವಾದ, ಮನೆತುಂಬ ಓಡಾಡಿಕೊಂಡಿರಲಿ. ನಿನಗೆ ಒಳ್ಳೆಯದಾಗಲಿ ಕಣೇ, ನನ್ನ ಪಾಲಿನದೂ ನಿನಗೇ ಸಿಗಲಿ.

ನಿನ್ನ,
ಕತ್ತರಿ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ. ಮೊನ್ನೆ ಮಧ್ಯಾಹ್ನ ಮಂಚದಲ್ಲಿ ಒರಗಿ ಪೇಪರ್ ಓದುತ್ತಿದ್ದೆ. ಪೇಪರ್ ಇಳಿಸಿದರೆ ನಮ್ಮ ಯಜಮಾನರು ನನ್ನ ಬಲಪಾದವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾರೆ. “ಯಾವಾಗ ಬಂದ್ರಿ?” ಎಂದೆ. “ಆಗ್ಲಿಂದ ಒತ್ತುತ್ತಾನೇ ಇದ್ದೀನಲ್ಲೇ” ಎಂದರು. ಅವರ ಕಣ್ಣೀರು ಬಿದ್ದು ಪಾದ ಒದ್ದೆಯಾಗಿತ್ತು. ನನಗೆ ಗೊತ್ತೇ ಆಗಿರಲಿಲ್ಲ. ಪಾದವನ್ನು ಮೆಲ್ಲಗೆ ಹಾಸಿಗೆಯ ಮೇಲಿಟ್ಟು ಎದ್ದುಹೋದರು. ಈಗ ಬಂದರೆ ಎದುರಿನ ಕುರ್ಚಿಯಲ್ಲಿ ಕೂರುತ್ತಾರೆ.