ಹೊಸ್ತಿಲಾಚೆಯಿಂದ ತೆಗೆದ ಫೋಟೋ

ಮಾನ್ವಿ
೮ ಡಿಸೆಂಬರ್ ೨೦೨೪, ಭಾನುವಾರ

ಪ್ರೀತಿಯ ಮೌನೇಶ್ವರಿ,

ಎಂಟು ದಿನ ನಿನ್ನ ಮೆಸೇಜಿಗೆ ಉತ್ತರ ಕೊಡಲಿಲ್ಲ, ಸಿಟ್ಟು ಬಂದಿರಬೇಕು. ದೇವದುರ್ಗದ ಹಾಸ್ಟೆಲಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡವರು ನಾವು, ನಿನ್ನ ಮುಂದೆ ನನಗೆ ಬಿಂಕವೇನಿಲ್ಲ. ಫೋನಿನಲ್ಲಿ ಬರೆದು ಬರೆದು ಅಳಿಸಿದೆ. ಕಾಗದದಲ್ಲಾದರೆ ಅಷ್ಟು ಸುಲಭಕ್ಕೆ ಅಳಿಸಲಾಗದು, ಅದಕ್ಕೇ ಈ ಪತ್ರ.

ಮೊದಲು ನೀನು ಕೊಳ್ಳಬೇಕೆಂದಿರುವ ಕ್ಯಾಮೆರಾ ವಿಷಯ. ಯಾಪಲದಿನ್ನಿಯ ನಿನ್ನ ಶಾಲೆಯ ಮಕ್ಕಳನ್ನೂ ಆ ಊರಿನ ಮುದುಕಿಯರನ್ನೂ ತೆಗೆಯಬೇಕು ಅಂದಿದ್ದೀ. ಅಂಗಡಿಯವರು ಮೆಗಾಪಿಕ್ಸೆಲ್ ಮೆಗಾಪಿಕ್ಸೆಲ್ ಅಂತ ಬಾಯಿ ಬಡಿದುಕೊಳ್ಳುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡ. ಗೋಡೆಗೆ ಹಾಕುವ ಫೋಟೋಕ್ಕೆ ಇಪ್ಪತ್ತು ಧಾರಾಳ ಸಾಕು. ನನ್ನ ಸ್ಟುಡಿಯೋದಲ್ಲಿರುವ ಡಿಎಸ್ಎಲ್ಆರ್ ಒಳಗೆ ಕನ್ನಡಿ ಇರುತ್ತದೆ, ಅದಕ್ಕೇ ಭಾರ, ಒತ್ತಿದರೆ ಟಪ್ ಅನ್ನುತ್ತದೆ. ಬ್ಯಾಟರಿ ಮಾತ್ರ ದಿನವಿಡೀ ಬರುತ್ತದೆ. ಮಿರರ್‌ಲೆಸ್ ಹಗುರ, ಬೇಕಾದರೆ ಸದ್ದೇ ಇಲ್ಲದೆ ತೆಗೆಯುತ್ತದೆ, ಮುಖ ಹುಡುಕಿ ಕಣ್ಣಿಗೇ ಫೋಕಸ್ ಹಿಡಿಯುತ್ತದೆ. ನೀನು ಅದನ್ನೇ ತಗೋ, ಜೊತೆಗೆ ಇನ್ನೊಂದು ಬ್ಯಾಟರಿ ಇರಲಿ. ರಾಯಚೂರಿನ ಹತ್ತಿ ಮಿಲ್ಲುಗಳ ಹತ್ತಿರ ಲೆನ್ಸ್ ಬಿಚ್ಚಬೇಡ. ಅರಳೆಯ ಧೂಳು ಒಳಹೊಕ್ಕರೆ ಪ್ರತಿ ಫೋಟೋದಲ್ಲೂ ಕಲೆ ಬೀಳುತ್ತದೆ.

ನಿನ್ನ ಮನಸ್ಸಿರುವುದು ಆ ದೊಡ್ಡ ಝೂಮಿನದರ ಮೇಲೆ. 'ದೂರ ನಿಂತೇ ತಗೀಬೌದು ನೋಡು, ಯಾರಿಗೂ ತ್ರಾಸ ಇಲ್ಲ' ಅಂತ ಬರೆದಿದ್ದೀ. ಬೇಡ ಮೌನಾ. ಅದರೊಳಗೆ ಬೆಳಕು ಹಿಡಿಯುವ ಸೆನ್ಸರ್ ಉಗುರಿನಷ್ಟು, ಮಂದ ಬೆಳಕಿನಲ್ಲಿ ಚಿತ್ರವೆಲ್ಲ ಚುಕ್ಕಿ ಚುಕ್ಕಿ. ಝೂಮ್ ಎಳೆದಷ್ಟೂ ಫೋಕಸ್ ತಡಕಾಡುತ್ತದೆ. ಝೂಮೇ ಇಲ್ಲದ ಐವತ್ತು ಎಂ.ಎಂ. ಲೆನ್ಸ್ ತಗೋ. ಅದರಲ್ಲಿ ಮುಖ ದೊಡ್ಡದಾಗಿ ಬೇಕೆಂದರೆ ನೀನೇ ಎದ್ದು ಹತ್ತಿರ ಹೋಗಬೇಕು, ಹೊಸ್ತಿಲು ದಾಟಬೇಕು.

ನಾನು ದಾಟಲಿಲ್ಲ. ಹತ್ತು ವರ್ಷದ ಹಿಂದೆ ನಿಮ್ಮವ್ವ ಗೋಪಮ್ಮ ತೀರಿಕೊಂಡಾಗ ಕ್ಯಾಮೆರಾ ಹಿಡಿದು ಅರಕೇರಾಕ್ಕೆ ಬಂದಿದ್ದೆನಲ್ಲ. ಆಕೆಯದು ಅಂತ ಇದ್ದದ್ದು ಆಧಾರ್ ಕಾರ್ಡಿನ ಫೋಟೋ ಒಂದೇ, ಅದರಲ್ಲೂ ಕಣ್ಣು ಮುಚ್ಚಿತ್ತು. ಆಕೆಯನ್ನು ಗೋಡೆಗೆ ಒರಗಿಸಿ ಕೂಡಿಸಿ ಹೂವು ಹಾಕಿದ್ದಿರಿ. ನೀನು ಪಕ್ಕದಲ್ಲಿ ಕೂತು ಕರೆದೆ: 'ಒಳಗ ಬಾ ಶೈಲಾ, ಅವ್ವನ ಮಾರಿ ಚೆಂದಾಗಿ ಬರ್ಲಿ.' ಒಳಗೆ ಜಾಗ ಇಲ್ಲ ಅಂದೆ. ಜಾಗ ಇತ್ತು. ಹೊರಡುವಾಗ ನಮ್ಮ ಮಾವ ಮಹಾಂತಯ್ಯ, 'ಆ ಕೇರಿ ಮನಿಯಾಗ ಕಾಲಿಡಬ್ಯಾಡ, ಹೊರಗ ನಿಂತು ತಗೊಂಡು ಬಾ' ಅಂದಿದ್ದರು. ಅವರನ್ನು ದೂರಿ ಏನು ಬಂತು? ಅವರು ಮಾನ್ವಿಯಲ್ಲಿದ್ದರು, ನಿಮ್ಮ ಬಾಗಿಲಲ್ಲಿ ನಿಂತವಳು ನಾನು.

ಅಂಗಳದಿಂದಲೇ ಝೂಮ್ ಎಳೆದು ಆರು ಫೋಟೋ ತೆಗೆದೆ. ಸ್ಟುಡಿಯೋಕ್ಕೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ ಆರರಲ್ಲೂ ಫೋಕಸ್ ಮಡಿಲಲ್ಲಿದ್ದ ಕೈಗಳ ಮೇಲೆ ಕೂತಿತ್ತು, ಮುಖ ಪೂರ್ತಿ ಮಸುಕು. ಅಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಸತ್ತವರ ಫೋಟೋ ತಿದ್ದಿ ಕಣ್ಣು ತೆರೆಸಿ ಕೊಡುವುದು ನಮ್ಮ ಕಡೆಯ ಸ್ಟುಡಿಯೋಗಳ ವಾಡಿಕೆ, ನಿನಗೂ ಗೊತ್ತು. ಆದರೆ ನಾನು ಕಣ್ಣಷ್ಟೇ ತೆರೆಸಲಿಲ್ಲ, ಇಡೀ ಮುಖವನ್ನೇ ಬೇರೆ ಕೂರಿಸಿದೆ. ನಿನ್ನ ಗೋಡೆಯ ಮೇಲಿರುವ ಮುಖ ನಿಮ್ಮವ್ವನದಲ್ಲ.

ಹತ್ತು ವರ್ಷ ನೀನು ಅದಕ್ಕೆ ಊದಿನಕಡ್ಡಿ ಹಚ್ಚಿದ್ದೀ. ಈಗ ರಾಯಚೂರಿನ ಹೊಸ ಮನೆಗೆ ದೊಡ್ಡದು ಮಾಡಿಸಬೇಕು, ಫೈಲ್ ಕಳಿಸು ಅಂದಿದ್ದೀ. ಸುಮ್ಮನೆ ಕಳಿಸಿಬಿಟ್ಟಿದ್ದರೆ ನಮ್ಮ ಗೆಳೆತನಕ್ಕೆ ಏನೂ ಆಗುತ್ತಿರಲಿಲ್ಲ. ಆದರೆ ಮತ್ತೊಂದು ಸಲ ನಿನಗೆ ಅದನ್ನು ಕೊಡಲಾರೆ.

ಆ ದಿನದ ಮೆಮೊರಿ ಕಾರ್ಡ್ ಈ ಲಕೋಟೆಯಲ್ಲಿದೆ. ತೆರೆದು ಕೈಗಳನ್ನು ನೋಡು. ಹತ್ತಿ ಬಿಡಿಸಿ ಬಿಡಿಸಿ ಸೀಳಿದ ಬೆರಳು, ಎಡ ಹೆಬ್ಬೆರಳ ಮೇಲೆ ಕುಡುಗೋಲು ತಾಗಿದ ಗೆರೆ, ಎಲ್ಲ ಎಣಿಸುವಷ್ಟು ಸ್ಪಷ್ಟವಾಗಿವೆ. ಅವು ಆಕೆಯವೇ, ನಾನು ಒಂದಿಷ್ಟೂ ತಿದ್ದಿಲ್ಲ. ದೊಡ್ಡದು ಮಾಡಿಸುವುದಾದರೆ ಅದನ್ನು ಮಾಡಿಸು.

ನನ್ನನ್ನು ಕ್ಷಮಿಸು ಅಂತ ಕೇಳುತ್ತಿದ್ದೇನೆ, ಸಿಗುತ್ತದೆ ಅನ್ನುವ ಧೈರ್ಯವಿಲ್ಲ. ಎಂದಾದರೂ ಕರೆದರೆ ಬರುತ್ತೇನೆ. ಈ ಸಲ ಹೊರಗೆ ನಿಲ್ಲುವುದಿಲ್ಲ.

ನಿನ್ನವಳು ಅಂತ ಬರೆಯಲು ಅಂಜುತ್ತಿರುವ,
ಶೈಲಶ್ರೀ

ತಾ.ಕ.: ಹಾಗಾದರೆ ಅದು ಯಾರ ಮುಖ ಅಂತ ಕೇಳುತ್ತೀ. ನಿನ್ನದೇ. ನಿನ್ನ ಡಿ.ಎಡ್. ಅರ್ಜಿಗೆ ನಾನೇ ತೆಗೆದುಕೊಟ್ಟ ಪಾಸ್‌ಪೋರ್ಟ್ ಫೋಟೋ. ನೀನು ಅವ್ವನ ಅಚ್ಚು ಅಂತ ಎಲ್ಲರೂ ಅನ್ನುತ್ತಿದ್ದರು, ಅದನ್ನೇ ನಂಬಿ ಸುಕ್ಕು ಮೂಡಿಸಿ, ಕೂದಲಿಗೆ ಬಿಳುಪು ಬಳಿದೆ. ಫ್ರೇಮು ಕೈಗೆ ಕೊಟ್ಟಾಗ 'ಅವ್ವ ನನ್ನನ್ನ ನೋಡಾಕತ್ತಾಳ' ಅಂತ ಅತ್ತೆ ನೀನು. ನಾನು ಪಕ್ಕದಲ್ಲೇ ಇದ್ದೆ.