ಧ್ವನಿಯಲ್ಲಿ ತುರ್ತು ಕಂಡುಬಂದಿಲ್ಲ

ತುರ್ತು ಕರೆ ಕೇಂದ್ರದ ಮುಖ್ಯಾಧಿಕಾರಿಗಳೇ,

ತಮ್ಮ ತನಿಖಾ ವರದಿ ಕೈಸೇರಿದೆ. ನನ್ನ ಹಲ್ಲಿನ ಕ್ಲಿನಿಕ್ಕಿನಲ್ಲಿ ಒಬ್ಬರ ಎದೆಬಡಿತ ನಿಂತ ದಿನ, ನಾಲ್ಕು ಬೀದಿ ಆಚೆಗಿದ್ದ ಆಂಬುಲೆನ್ಸಿಗೆ ಬರಲು ಇಪ್ಪತ್ತಮೂರು ನಿಮಿಷ ಏಕೆ ಹಿಡಿಯಿತು ಎಂದು ನಾನು ದೂರು ಕೊಟ್ಟಿದ್ದೆ. ತಾವು ಕಂಡುಕೊಂಡ ಕಾರಣ ಒಂದೇ ವಾಕ್ಯದಲ್ಲಿದೆ: 'ಕರೆ ಮಾಡಿದ ಮಹಿಳೆಯ ಧ್ವನಿಯಲ್ಲಿ ತುರ್ತು ಕಂಡುಬಂದಿಲ್ಲ.' ಆದ್ದರಿಂದ ವಿಳಂಬಕ್ಕೆ ಸದರಿ ಮಹಿಳೆಯೇ ಹೊಣೆ. ಹದಿನೈದು ದಿನದೊಳಗೆ ಆಕೆ ಲಿಖಿತ ವಿವರಣೆ ಕೊಡದಿದ್ದರೆ ತಪ್ಪನ್ನು ಒಪ್ಪಿಕೊಂಡಂತೆ ಭಾವಿಸಲಾಗುವುದು. ನಾಳೆ ಹದಿನೈದನೆಯ ದಿನ.

ಧ್ವನಿಯೊಳಗಿನ ತುರ್ತನ್ನು ತೂಗಬಲ್ಲ ಕಿವಿಗಳು ತಮ್ಮ ಕೇಂದ್ರದಲ್ಲಿವೆ ಎಂದು ತಿಳಿದು ಸಂತೋಷವಾಯಿತು. ಆ ಕಿವಿಗಳಿಗೆ ಒಂದು ಬಾಯಿಯೂ ಇದ್ದು, ಅದು 'ಉಸಿರಾಡುತ್ತಿದ್ದಾರಾ?' ಎಂದು ಒಮ್ಮೆ ಕೇಳಿದ್ದರೆ ಈ ಪತ್ರ ಬರೆಯುವ ಅಗತ್ಯ ಬರುತ್ತಿರಲಿಲ್ಲ.

ಸದರಿ ಮಹಿಳೆ ಯಾರೆಂದು ಮೊದಲು ಹೇಳಬೇಕು. ಅವರು ಇಪ್ಪತ್ತೆರಡು ವರ್ಷಗಳಿಂದ ನನ್ನ ಕ್ಲಿನಿಕ್ಕಿನ ಮುಂದಿನ ಮೇಜಿನಲ್ಲಿ ಕೂತವರು. ರೋಗಿಗಳಿಗೆಲ್ಲ ಅವರು 'ಟೇಬಲ್ ಅಕ್ಕ'. ನನಗೂ ಅಕ್ಕನೇ, ವಯಸ್ಸಿನಲ್ಲಿ ನನಗಿಂತ ಚಿಕ್ಕವರಾದರೂ. ಕ್ಲಿನಿಕ್ ಇರುವುದು ಎರಡನೇ ಮಹಡಿಯಲ್ಲಿ. ಒಂದು ಕೋಣೆ, ನಡುವೆ ಹಲಗೆಯ ಗೋಡೆ, ಅದಕ್ಕೊಂದು ಅರ್ಧ ಗಾಜಿನ ಬಾಗಿಲು. ಒಳಗೆ ನಾನು ಮತ್ತು ಕುರ್ಚಿ. ಹೊರಗೆ ಅಕ್ಕ, ಆರು ಜನ ಕೂರುವ ಬೆಂಚು, ಮೇಜಿನ ಮೇಲೆ ಫೋನು. ಬೆಂಚಿನಿಂದ ಫೋನಿಗೆ ಎರಡು ಮಾರು ದೂರ.

ಆ ದಿನ ಬೆಳಿಗ್ಗೆ ಬಂದವರು ನಮ್ಮ ಬೀದಿಯ ಪ್ಲಂಬರ್. ಊರಿಗೆಲ್ಲ ನಲ್ಲಿಯಣ್ಣ. ಐವತ್ತೆಂಟು ವರ್ಷ. ಕೆಳಗಿನ ದವಡೆ ಹಲ್ಲೊಂದನ್ನು ಕೀಳಬೇಕಿತ್ತು. ಜೊತೆಗೆ ಅವರ ಹೆಂಡತಿ ಬಂದು ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಕುರ್ಚಿಯಲ್ಲಿ ಒರಗಿದ ನಲ್ಲಿಯಣ್ಣ ನನ್ನ ದೀಪ, ಕೊಳವೆ, ಉಗುಳುವ ಬೋಗುಣಿ ಎಲ್ಲವನ್ನೂ ಕಸುಬುದಾರನ ಕಣ್ಣಿನಿಂದ ಪರೀಕ್ಷಿಸಿದರು.

"ನೀವೂ ನಮ್ಮವರೇ ಡಾಕ್ಟ್ರೇ. ಸಣ್ಣ ಜಾಗ, ಒದ್ದೆ ಕೆಲಸ, ಬಗ್ಗಿ ಬಗ್ಗಿ ಸೊಂಟ ಹೋಯ್ತು. ನಾನಾದ್ರೆ ಮೊದ್ಲು ಮೇನ್ ವಾಲ್ವ್ ಬಂದ್ ಮಾಡ್ತೀನಿ."

ನಾನೂ ಅದನ್ನೇ ಮಾಡುವುದು ಎಂದು ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟೆ. ಸ್ವಲ್ಪ ಚುಚ್ಚುತ್ತದೆ, ಅಷ್ಟೇ ಎಂದೆ. ತುಟಿ ದಪ್ಪಗಾಗುವುದನ್ನು ಕಾಯುತ್ತಿದ್ದಾಗ ಅವರ ಹಣೆಯಲ್ಲಿ ಬೆವರೊಡೆಯಿತು. ಮುಖ ಬೂದಿಯ ಬಣ್ಣಕ್ಕೆ ತಿರುಗಿತು. ಎಡಗೈಯಿಂದ ಅಂಗಿಯ ಗುಂಡಿ ಹುಡುಕಿದರು. ಕೈ ಅಲ್ಲಿಗೆ ತಲುಪುವ ಮುನ್ನವೇ ಜಾರಿತು. ಕರೆದೆ, ಓಗೊಡಲಿಲ್ಲ. ಉಸಿರು ಎರಡು ಸಲ ಗೊರಕೆಯಂತೆ ಬಂದು ನಿಂತಿತು. ಕುರ್ಚಿಯನ್ನು ಪೂರ್ತಿ ಮಲಗಿಸಿ, ಅದು ಕೆಳಗೆ ಬಾಗದಂತೆ ನನ್ನ ಸ್ಟೂಲನ್ನು ಅದರ ಬೆನ್ನಿನ ಅಡಿಗೆ ಒತ್ತಿ, ಎದೆ ಒತ್ತತೊಡಗಿದೆ. ಅದನ್ನು ಒಮ್ಮೆ ಶುರು ಮಾಡಿದವನು ಬಿಟ್ಟು ಏಳುವಂತಿಲ್ಲ. ಆಮ್ಲಜನಕದ ಸಿಲಿಂಡರ್ ನಾಲ್ಕು ಹೆಜ್ಜೆ ದೂರದ ಮೂಲೆಯಲ್ಲಿತ್ತು. ಫೋನು ಗೋಡೆಯ ಆಚೆ. ನನ್ನ ಎರಡೂ ಕೈ ಒಬ್ಬ ಮನುಷ್ಯನ ಎದೆಗೂಡಿಗೆ ಬಿಗಿದುಹೋಗಿದ್ದವು. ಹೊರಜಗತ್ತಿಗೆ ನನ್ನಿಂದ ಹೋಗಬಹುದಾಗಿದ್ದುದು ಮಾತು ಮಾತ್ರ.

ಆ ಮಾತು ಯಾವುದೆಂದು ತಮ್ಮ ವರದಿಯಲ್ಲಿಲ್ಲ. ನನ್ನನ್ನು ಯಾರೂ ಕೇಳಲಿಲ್ಲ. ನಾನು ಹೇಳಿದ್ದು ಇದು: "ಅಕ್ಕಾ, ಆಂಬುಲೆನ್ಸ್‌ಗೊಂದು ಫೋನ್ ಮಾಡ್ಬಿಡಿ. ಸ್ವಲ್ಪ ಬೇಗ."

ದನಿ ಎತ್ತರಿಸದೆ ಹೇಳಿದೆ. ಗಾಜಿನಾಚೆ ನಲ್ಲಿಯಣ್ಣನ ಹೆಂಡತಿ ಎದ್ದು ನಿಂತು ಏನಾಯಿತೆಂದು ಕೇಳಿದ್ದು ಕೇಳಿಸಿತು. ಅವರಿಗೂ ಒಳಗಿನಿಂದಲೇ ಉತ್ತರ ಕೊಟ್ಟೆ: "ಏನಿಲ್ಲಮ್ಮ, ಕೂತ್ಕೊಳ್ಳಿ." ಅವರು ಕೂತರು.

ಇದು ನಮ್ಮ ಕಸುಬಿನ ರೋಗ, ಮಾನ್ಯರೇ. ಬಾಯಿ ತೆರೆದು ಮಲಗಿದವನಿಗೆ ನಿಜ ಹೇಳಿದರೆ ಬಾಯಿ ಮುಚ್ಚುತ್ತದೆ. ಆದ್ದರಿಂದ ನಾವು ಸೂಜಿಗೆ ಸೂಜಿ ಎನ್ನುವುದಿಲ್ಲ, ರಕ್ತಕ್ಕೆ ರಕ್ತ ಎನ್ನುವುದಿಲ್ಲ. ಇಕ್ಕಳವನ್ನು ರೋಗಿಯ ಕಣ್ಣಿನ ಅಂಚಿಗೂ ಬೀಳದಂತೆ ಗಲ್ಲದ ಕೆಳಗಿನಿಂದ ತರುತ್ತೇವೆ. ಅಕ್ಕ ಕೆಲಸಕ್ಕೆ ಸೇರಿದ ಮೊದಲ ವಾರ ನಾನು ಅವರಿಗೆ ಕಲಿಸಿದ್ದು ಫೈಲು ಜೋಡಿಸುವುದನ್ನಲ್ಲ. ಹೊರಗೆ ಕೂತವರಿಗೆ ಒಳಗಿನದು ಗೊತ್ತಾಗಬಾರದು, ಏನೇ ಆದರೂ ಮೆಲ್ಲಗೆ ಮಾತಾಡಬೇಕು ಎಂಬುದನ್ನು. ಒಮ್ಮೆ ಅವರು ಬೆಂಚಿನವರ ಎದುರು ಫೋನಿನಲ್ಲಿ 'ರಕ್ತ ನಿಲ್ತಾ ಇಲ್ವಂತೆ' ಎಂದದ್ದಕ್ಕೆ ಸಂಜೆಯವರೆಗೂ ನಾನು ಮುಖ ಕೊಟ್ಟು ಮಾತಾಡಿರಲಿಲ್ಲ. ಅವರು ಎರಡನೇ ಸಲ ಆ ತಪ್ಪು ಮಾಡಲಿಲ್ಲ. ತಾವು ಹುಡುಕಿ ಸಿಗಲಿಲ್ಲವೆಂದ ತುರ್ತನ್ನು ಆ ಗಂಟಲಿನಿಂದ ವರ್ಷಗಟ್ಟಲೆ ಕೂತು ಬಿಡಿಸಿ ತೆಗೆದವನು ನಾನು.

ಎದೆ ಒತ್ತುತ್ತಿದ್ದ ನನಗೆ ಆ ದಿನ ಫೋನಿನ ಒಂದು ಬದಿಯಷ್ಟೇ ಕೇಳಿಸಿತ್ತು. ಇನ್ನೊಂದು ಬದಿಯನ್ನು ತಾವು ವರದಿಯ ಜೊತೆ ಲಗತ್ತಿಸಿದ್ದೀರಿ. ಎರಡನ್ನೂ ಸೇರಿಸಿ ಓದುವ ಭಾಗ್ಯ ಈಗ ಬಂತು. ತಮ್ಮ ಸಿಬ್ಬಂದಿಯ ಮೊದಲ ಪ್ರಶ್ನೆ ಜಾಗ ಯಾವುದೆಂದು. ಹಲ್ಲಿನ ಕ್ಲಿನಿಕ್ ಎಂದರು ಅಕ್ಕ.

"ಹಲ್ಲುನೋವಾ?"

"ಅಲ್ಲ ಅಲ್ಲ. ಒಬ್ರಿಗೆ ಸ್ವಲ್ಪ ಹುಷಾರಿಲ್ಲ. ಆಂಬುಲೆನ್ಸ್ ಬೇಕಿತ್ತು."

"ಅಲ್ಲಿ ಡಾಕ್ಟ್ರು ಇದಾರಾ?"

"ಇದಾರೆ. ನೋಡ್ತಾ ಇದಾರೆ."

"ಹಾಗಾದ್ರೆ ಸರಿ. ಲೈನಲ್ಲೇ ಇರಿ."

ಹಾಗಾದರೆ ಸರಿ. ಯಾವುದು ಸರಿ ಎಂದು ತಾವು ತನಿಖೆಯಲ್ಲಿ ವಿಚಾರಿಸಿದಿರಾ? ಡಾಕ್ಟರು ಇರುವ ಜಾಗದಲ್ಲಿ ಯಾರೂ ಸಾಯುವುದಿಲ್ಲ ಎಂಬ ತಿಳಿವಳಿಕೆ ತಮ್ಮ ಕೇಂದ್ರದಲ್ಲಿರುವಂತಿದೆ. ಡಾಕ್ಟರು ಇದ್ದರೆ ಅವಸರವಿಲ್ಲ. ಡಾಕ್ಟರು ಇಲ್ಲದಿದ್ದರೆ ಇದು ಅವಸರವೆಂದು ಹೇಳಲು ನೀವ್ಯಾರು ಎಂಬ ಪ್ರಶ್ನೆ. ಈ ಎರಡು ಗೋಡೆಗಳ ನಡುವೆ ಕೂತು ಕರೆ ಮಾಡುವವರು ಯಾವ ಬಾಗಿಲಿನಿಂದ ಹೊರಗೆ ಬರಬೇಕು? ತಮ್ಮ ನಮೂನೆಯಲ್ಲಿ ಆ ಕರೆಯ ಎದುರು ಬರೆದಿರುವುದು 'ಬಾಯಿ, ಹಲ್ಲು: ಸಾಮಾನ್ಯ'. ಎದೆಬಡಿತ ನಿಂತವನು ಕಿರಾಣಿ ಅಂಗಡಿಯಲ್ಲಿ ಬಿದ್ದಿದ್ದರೆ ಏನೆಂದು ಬರೆಯುತ್ತಿದ್ದಿರಿ?

'ಲೈನಲ್ಲೇ ಇರಿ' ಎಂಬುದರ ಬಗ್ಗೆಯೂ ಒಂದು ಮಾತು. ಅಕ್ಕ ಹೇಳಿದ ಮಾತು ಕೇಳುವವರು. ರಿಸೀವರ್ ಹಿಡಿದು ಏಳು ನಿಮಿಷ ನಿಂತರು. ಆಚೆ ಬದಿಯಲ್ಲಿ ಯಾರೂ ಇರಲಿಲ್ಲ. ಈಚೆ ಬದಿಯಲ್ಲಿ ಇನ್ನೆರಡು ಕೈಗಾಗಿ, ಸಿಲಿಂಡರನ್ನು ನಾಲ್ಕು ಹೆಜ್ಜೆ ಹತ್ತಿರ ತರಲಿಕ್ಕಾಗಿ, ನಾನು ಬೆವರು ಸುರಿಸುತ್ತ ಕಾಯುತ್ತಿದ್ದೆ. ಕೂಗಿ ಕರೆಯಬಹುದಿತ್ತು. ಕರೆಯಲಿಲ್ಲ. ಹೊರಗೆ ನಲ್ಲಿಯಣ್ಣನ ಹೆಂಡತಿ ಕೂತಿದ್ದರು.

ಆಂಬುಲೆನ್ಸಿನವರು ಬಂದಾಗ ಅವಸರದಲ್ಲಿರಲಿಲ್ಲ. ಸ್ಟ್ರೆಚರನ್ನು ಕೆಳಗೇ ಬಿಟ್ಟು, 'ಎಲ್ಲಿ, ನಡೀತಾರಾ?' ಎಂದು ಕೇಳುತ್ತ ಮೆಟ್ಟಿಲು ಹತ್ತಿದರು. ಗಾಜಿನ ಬಾಗಿಲು ತೆರೆದ ಮೇಲೆ ಅವರ ಮುಖ ಬದಲಾಯಿತು. ಅಲ್ಲಿಂದ ಮುಂದೆ ಅವರು ಮಾಡಿದ್ದರಲ್ಲಿ ಒಂದು ಲೋಪವನ್ನೂ ನಾನು ಹೇಳಲಾರೆ. ನಲ್ಲಿಯಣ್ಣ ಆಸ್ಪತ್ರೆಯಲ್ಲಿ ನಾಲ್ಕನೆಯ ದಿನ, ಒಮ್ಮೆಯೂ ಕಣ್ಣು ತೆರೆಯದೆ ತೀರಿಕೊಂಡರು.

ತಿಂಗಳ ನಂತರ ಅವರ ಹೆಂಡತಿ ಕ್ಲಿನಿಕ್ಕಿಗೆ ಬಂದರು. ಕುರ್ಚಿಯ ಕಾಲಿನ ಹತ್ತಿರ ಬಿಟ್ಟುಹೋಗಿದ್ದ ಗಂಡನ ಚಪ್ಪಲಿ ತೆಗೆದುಕೊಂಡು ಹೋಗಲು. ನನ್ನನ್ನು ಬಯ್ಯಬಹುದೆಂದುಕೊಂಡಿದ್ದೆ, ಬೈದಿದ್ದರೆ ಹಗುರಾಗುತ್ತಿತ್ತೇನೋ. ಅವರು ಅದೇ ಬೆಂಚಿನ ಮೇಲೆ ಕೂತು, ಯಾರಿಗೋ ಲೆಕ್ಕ ಒಪ್ಪಿಸುವವರ ಹಾಗೆ ಹೇಳಿದರು: "ಬೆಳಿಗ್ಗೆ ಮೆಟ್ಲು ಹತ್ತೋವಾಗ್ಲೇ ಎದೆ ಹಿಡ್ಕೊಂಡಂಗಾಗುತ್ತೆ ಕಣೇ ಅಂದಿದ್ರು. ಹಲ್ಲಿಂದೇ ಇರ್ಬೇಕು ಬನ್ನಿ ಅಂದೆ. ಯಾರಾದ್ರೂ ಕೇಳಿದ್ರೆ ಹೇಳ್ತಿದ್ದೆ ಡಾಕ್ಟ್ರೇ. ನೀವು ಏನಿಲ್ಲ ಅಂದ್ರಿ, ಕೂತೆ."

ಅಕ್ಕ ಮೇಜಿನ ಹಿಂದೆ ತಲೆ ತಗ್ಗಿಸಿ ನಿಂತಿದ್ದರು. ತಮ್ಮ ಕೇಂದ್ರಕ್ಕೆ ಬೇಕಾಗಿದ್ದ ಮಾತು 'ಎದೆ'. ಅದು ಆ ಕೋಣೆಯಲ್ಲಿ ಒಬ್ಬರ ಬಳಿ ಮಾತ್ರ ಇತ್ತು. ನಾವು ಮೂವರೂ, ನಾನು, ಅಕ್ಕ ಮತ್ತು ತಮ್ಮ ಸಿಬ್ಬಂದಿ, ಅವರಿಗೆ ಗಾಬರಿಯಾಗದಂತೆ ಬಹಳ ಮರ್ಯಾದೆಯಿಂದ ನಡೆದುಕೊಂಡೆವು.

ಈಗ ಫೋನು ರಿಂಗಾದರೆ ಅಕ್ಕ ಎತ್ತುವುದಿಲ್ಲ. ಅದನ್ನು ನೋಡುತ್ತ ಕೂರುತ್ತಾರೆ. ಕೈಗವಸು ಕಳಚಿ ನಾನೇ ಹೊರಗೆ ಬರುತ್ತೇನೆ. ಫೋನಿನ ಮೇಲಿನ ಗೋಡೆಗೆ ಒಂದು ಹಾಳೆ ಅಂಟಿಸಿದ್ದೇನೆ: ಇಷ್ಟು ವಯಸ್ಸಿನವರು, ಪ್ರಜ್ಞೆ ಇಲ್ಲ, ಉಸಿರಾಡುತ್ತಿಲ್ಲ, ಎದೆ ಒತ್ತುತ್ತಿದ್ದೇವೆ, ಎರಡನೇ ಮಹಡಿ, ಬೀದಿಬಾಗಿಲಲ್ಲಿ ಒಬ್ಬರು ನಿಂತಿರುತ್ತಾರೆ. ಗಟ್ಟಿಯಾಗಿ ಓದಿದರೆ ಹತ್ತು ಸೆಕೆಂಡು. ಓದುವುದು ಗಟ್ಟಿಯಾಗಿಯೇ ಎಂದೂ ಕೆಳಗೆ ಬರೆದಿದ್ದೇನೆ. ಬೆಂಚಿನವರು ಅದನ್ನು ಓದಿ ಹೆದರುತ್ತಾರೆ. ಹೆದರಲಿ.

ತಮ್ಮಿಂದ ನಾನು ಬೇಡುವುದಲ್ಲ, ಒತ್ತಾಯಿಸುವುದು ಇಷ್ಟು. ಕರೆ ಎತ್ತಿದವರು ಯಾವ ಅಂಗಡಿ, ಯಾವ ಕ್ಲಿನಿಕ್ಕು ಎಂದು ವರ್ಗ ಹಾಕುವ ಮುನ್ನ ಎಚ್ಚರವಿದೆಯೇ, ಉಸಿರಿದೆಯೇ ಎಂದು ಕೇಳಲಿ. ರೋಗಿಯ ಹತ್ತಿರ ಇರುವವರ ಕೈಗೇ ಫೋನು ಕೊಡಿಸಲಿ, ಆಗದಿದ್ದರೆ ಕೂಗಿ ಕೇಳಿಸಲಿ. ಮೆಲ್ಲಗೆ ಮಾತಾಡುವವರೂ ಸಾಯುತ್ತಾರೆ, ಸಾಯುವವರ ಪರವಾಗಿ ಮೆಲ್ಲಗೆ ಮಾತಾಡುವವರೂ ಇರುತ್ತಾರೆ ಎಂದು ಅವರಿಗೆ ಯಾರಾದರೂ ಕಲಿಸಲಿ. ಮತ್ತು ವರದಿಯಲ್ಲಿ 'ಸದರಿ ಮಹಿಳೆ' ಎಂದಿರುವ ಕಡೆಯೆಲ್ಲ ಅದನ್ನು ಹೊಡೆದುಹಾಕಿ, ಅಲ್ಲಿ ನನ್ನನ್ನು ಬರೆಯಿರಿ. ತಮ್ಮ ಪಾಲಿನದನ್ನು ತಾವು ಬರೆದುಕೊಳ್ಳುವ ಜಾಗವನ್ನು ನಾನು ಸೂಚಿಸಬೇಕಾಗಿಲ್ಲ.

ಕೊನೆಯದಾಗಿ. ಅಕ್ಕ ತಮಗೆ ವಿವರಣೆ ಬರೆದಿದ್ದಾರೆ. ನಾಲ್ಕೇ ಸಾಲು: ಮೆಲ್ಲಗೆ ಮಾತಾಡಿದ್ದು ನಾನೇ, ತಪ್ಪು ನನ್ನದೇ, ಡಾಕ್ಟ್ರಿಗೆ ಇದರಲ್ಲಿ ಸಂಬಂಧವಿಲ್ಲ. ಅಂಚೆಗೆ ಹಾಕಲು ನನ್ನ ಕೈಗೆ ಕೊಟ್ಟರು. ನಾನು ಹಾಕಿಲ್ಲ, ಹಾಕುವುದೂ ಇಲ್ಲ. ಅವರ ಉತ್ತರದ ಬದಲಿಗೆ ತಾವು ಇದನ್ನು ದಾಖಲಿಸಿಕೊಳ್ಳಬೇಕು. ಮೊನ್ನೆ ಅವರು ಕೇಳಿದಾಗ ಕಳಿಸಿಯಾಯಿತು, ಏನೂ ಆಗುವುದಿಲ್ಲ ಎಂದುಬಿಟ್ಟೆ. ಈ ಪತ್ರದ ಒಂದು ಪ್ರತಿಯನ್ನು ದಿನಪತ್ರಿಕೆಗೂ ಕೊಟ್ಟಿದ್ದೇನೆ, ನಾಳೆ ಅಚ್ಚಾಗುತ್ತದೆ. ಬೆಳಿಗ್ಗೆ ಮೊದಲ ರೋಗಿ ಬರುವ ಮುನ್ನ ಅಕ್ಕ ಪತ್ರಿಕೆ ಓದುತ್ತಾರೆ. ನಿಜ ಅವರಿಗೆ ಇಲ್ಲಿಂದಲೇ ಗೊತ್ತಾಗಬೇಕು. ಎದುರಿಗೆ ನಿಂತು ಹೇಳುವುದು ನನಗೆ ಇನ್ನೂ ಬಂದಿಲ್ಲ.

ಇಂತಿ,
ತಮ್ಮ ತನಿಖೆ ಒಂದು ಪ್ರಶ್ನೆಯನ್ನೂ ಕೇಳದೆ ಬಿಟ್ಟುಬಿಟ್ಟ
ದಂತವೈದ್ಯ