ಮೊಳಗದ ಅಲಾರಮಿನ ಸಾಕ್ಷಿ

ಮಾನ್ಯ ಕಾರ್ಖಾನೆ ನಿರೀಕ್ಷಕರೇ,

ಶೈತ್ಯಾಗಾರದ ಕಂಪ್ರೆಸರ್ ಕೋಣೆಯಲ್ಲಿ ಅಮೋನಿಯಾ ಸೋರಿದರೆ ಎಚ್ಚರಿಸಬೇಕಾದ ಅಲಾರಮಿನ ವೈರನ್ನು ಕಿತ್ತಿಟ್ಟಿದ್ದಾರೆ ಎಂದು ನಾನು ನಿಮಗೆ ದೂರು ಬರೆದೆ. ‘ಸದರಿ ಘಟಕದಲ್ಲಿ ಕಳೆದ ಮೂರು ವರ್ಷಗಳಿಂದ ಅಲಾರಂ ಒಮ್ಮೆಯೂ ಮೊಳಗಿದ ದಾಖಲೆ ಇಲ್ಲವಾದ್ದರಿಂದ ತಮ್ಮ ದೂರು ನಿರಾಧಾರವೆಂದು ತಿಳಿಸಲಾಗಿದೆ’ ಎಂದು ನಿಮ್ಮ ಕಚೇರಿ ಉತ್ತರಿಸಿದೆ. ಮೊಹರು, ಸಹಿ, ಕಡತದ ಸಂಖ್ಯೆ ಎಲ್ಲವೂ ಸರಿಯಾಗಿವೆ. ಈ ವಾಕ್ಯವನ್ನು ಬರೆದವರು, ಟೈಪು ಮಾಡಿದವರು, ಸಹಿ ಹಾಕಿದವರು, ಇಷ್ಟು ಜನರಲ್ಲಿ ಒಬ್ಬರಿಗಾದರೂ ಮೈ ಜುಮ್ಮೆನ್ನಲಿಲ್ಲವೇ? ಆ ಕೋಣೆಯ ಆಪರೇಟರ್ ನನ್ನ ತಮ್ಮ.

ನಾನು ಶಾಲೆಯೊಂದರಲ್ಲಿ ಮಕ್ಕಳನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡುವವಳು. ವಾದದೊಳಗೆ ನುಸುಳುವ ಮೋಸವನ್ನು ಪತ್ತೆಹಚ್ಚಲು ಕಲಿಸುವುದೇ ನನ್ನ ಕೆಲಸ. ಆದ್ದರಿಂದ ನನ್ನ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ಕಳೆದ ತಿಂಗಳು ನೀವು ಕರೆದ ಸಾರ್ವಜನಿಕ ಸಭೆಯಲ್ಲಿ ನಾನೂ ಇದ್ದೆ. ಶೈತ್ಯಾಗಾರದ ಗೋಡೆಗೆ ಅಂಟಿಕೊಂಡೇ ಅಂಗಡಿ ಇರುವ ದರ್ಜಿಯೊಬ್ಬರು ಎದ್ದು, ‘ಸಾರ್, ವಾಸ್ನೆ ಬರತ್ತೆ, ಕಣ್ಣು ಉರಿಯತ್ತೆ’ ಎಂದರು. ‘ತಾವೇನು ಇಂಜಿನಿಯರಾ? ಬಟ್ಟೆ ಅಳೆಯೋದು ಬಿಟ್ಟು ಗ್ಯಾಸ್ ಅಳೆಯೋಕೆ ಶುರು ಮಾಡಿದ್ರಾ?’ ಎಂದಿರಿ. ಸಭೆ ನಕ್ಕಿತು. ‘ಸರಿ, ನಾಳೇನೇ ಬೀಗ ಹಾಕಿಸ್ಲಾ? ಇನ್ನೂರು ಸಂಸಾರಾನ ನೀವೇ ಸಾಕ್ತೀರಾ?’ ಎಂದಿರಿ. ಬೀಗ ಹಾಕಿ ಎಂದು ಕೇಳಿದವರು ಯಾರು? ರಿಪೇರಿ ಮಾಡಿಸಿ ಎನ್ನುವುದು ಅವರ ಬಾಯಿಗೆ ಬರುವ ಮೊದಲೇ ನೀವು ಮುಂದಕ್ಕೆ ಹೋಗಿಬಿಟ್ಟಿರಿ. ‘ಮೂರು ವರ್ಷದಿಂದ ಅಲಾರಂ ಒಂದ್ಸಲಾನೂ ಹೊಡ್ಕೊಂಡಿಲ್ಲ. ಇನ್ನೇನು ಬೇಕು ನಿಮಗೆ?’ ದರ್ಜಿ ಕುಳಿತರು. ನಾನು ಅಭ್ಯಾಸಬಲದಿಂದ ಸಭೆಯ ನೋಟೀಸಿನ ಹಿಂದೆ ಅಂಕ ಹಾಕುತ್ತಿದ್ದೆ: ಧ್ವನಿ ಚೆನ್ನಾಗಿದೆ, ಸಮಯಪಾಲನೆ ಇದೆ, ಎದುರಾಳಿ ನಿರುತ್ತರ. ಚಪ್ಪಾಳೆಯನ್ನೂ ತಟ್ಟಿದೆ.

ಈ ಮೋಸಗಳ ಹೆಸರುಗಳನ್ನೆಲ್ಲ ನಾನು ಇಂಗ್ಲಿಷಿನಲ್ಲಿ ಕಲಿತವಳು. ಪಟಪಟನೆ ಹೇಳಬಲ್ಲೆ. ಈಗ ಕನ್ನಡದಲ್ಲಿ ಬರೆಯಲು ಕುಳಿತರೆ ಹೆಸರು ಸಿಗದೆ, ಒಂದೊಂದೂ ಏನು ಮಾಡುತ್ತದೆ ಎಂಬುದನ್ನೇ ಬಿಡಿಸಿ ಬರೆಯಬೇಕಾಯಿತು. ಮಾತಿಗೆ ಉತ್ತರ ಕೊಡದೆ ಮಾತಾಡಿದವನನ್ನು ನಗೆಪಾಟಲು ಮಾಡುವುದು. ಹತ್ತು ದಾರಿಗಳಿದ್ದರೂ ಎರಡೇ ಎಂದು ಹೆದರಿಸುವುದು. ಕಣ್ಣಿಗೆ ಬೀಳದ್ದು ಇಲ್ಲವೇ ಇಲ್ಲ ಎನ್ನುವುದು. ಹೆಸರಿಟ್ಟಾಗ ಇವು ಪಾಠದಂತೆ ಕಾಣುತ್ತಿದ್ದವು. ಬಿಡಿಸಿ ಬರೆದ ಮೇಲೆ ಆ ದಿನದ ಸಭೆಯಂತೆ ಕಂಡವು.

ಸಭೆ ನಡೆದ ದಿನ ನನ್ನ ತಮ್ಮ ನಮ್ಮ ಮನೆಯಲ್ಲೇ ಇದ್ದ. ವಾಲ್ವೊಂದು ಸೋರುತ್ತಿದೆ, ಎದೆ ಹಿಡಿದಂತಾಗುತ್ತದೆ ಎಂದು ಎರಡು ದಿನ ರಜೆ ಹಾಕಿದ್ದ. ನಾನು ಬಾಗಿಲಲ್ಲೇ ಚಪ್ಪಲಿ ಬಿಡುತ್ತ ನಿಮ್ಮ ಮಾತನ್ನು ಅವನಿಗೆ ಒಪ್ಪಿಸಿದೆ. ‘ಮೂರು ವರ್ಷದಿಂದ ಅಲಾರಂ ಹೊಡ್ಕೊಂಡಿಲ್ವಂತೆ ಕಣೋ. ಅಷ್ಟು ಜನ ಕೆಲಸ ಮಾಡ್ತಿಲ್ವಾ, ಅವರೆಲ್ಲ ಪೆದ್ದರಾ?’ ಅವನು ಮರುದಿನ ಕೆಲಸಕ್ಕೆ ಹೋದ.

ಒಂದು ವಾರದ ಮೇಲೆ ಬಂದು ಹೇಳಿದ. ಕಂಪ್ರೆಸರಿನ ಎಣ್ಣೆ ತೆಗೆಯುವಾಗಲೆಲ್ಲ ಚೂರು ಅನಿಲ ಬಂದು ಅಲಾರಂ ಕೂಗುತ್ತಿತ್ತಂತೆ. ಕೂಗಿದರೆ ಎಲ್ಲರೂ ಹೊರಗೆ ಓಡಬೇಕು, ಲಾರಿಗಳಿಂದ ಹಣ್ಣು ಇಳಿಸುವುದು ನಿಲ್ಲುತ್ತದೆ. ಅದಕ್ಕೇ ಮೂರು ವರ್ಷದ ಹಿಂದೆ ವೈರನ್ನು ಕಿತ್ತು ಟೇಪು ಸುತ್ತಿಟ್ಟರು.

‘ಅವತ್ತೇ ಯಾಕೋ ಹೇಳ್ಲಿಲ್ಲ?’ ಎಂದೆ.

‘ನೀನು ಅಷ್ಟು ಓದಿದೋಳು. ಆಫೀಸರೂ ಹಾಗೇ ಹೇಳಿದಾರೆ ಅಂತ ನೀನೇ ಅಂದೆ. ಮತ್ತೆ ಕೊಟ್ಟಿರ್ಬೇಕು ಕನೆಕ್ಷನ್ನು ಅಂದ್ಕೊಂಡೆ. ಹೋಗಿ ನೋಡಿದ್ರೆ ಟೇಪು ಹಾಗೇ ಇದೆ ಅಕ್ಕಾ.’

ಸೂಪರ್‌ವೈಸರನ್ನು ಕೇಳಿದನಂತೆ. ‘ಇಷ್ಟು ದಿನ ಸತ್ರಾ ಯಾರಾದ್ರೂ? ನಿನಗೊಬ್ಬನಿಗೇನಾ ಮೂಗಿರೋದು?’ ಎಂಬ ಉತ್ತರ ಸಿಕ್ಕಿತು. ಆಗ ನಾನು ನಿಮಗೆ ದೂರು ಬರೆದೆ. ಮುಂದಿನದು ನಿಮಗೆ ಗೊತ್ತು.

ಕೆಲಸ ಬಿಟ್ಟುಬಿಡು ಎಂದು ಅವನ ಕೈ ಹಿಡಿದುಕೊಂಡು ಕೇಳಿದ್ದೇನೆ. ‘ನಾನು ಬಿಟ್ರೆ ಆ ಜಾಗಕ್ಕೆ ಹೊಸಬರನ್ನ ಹಾಕ್ತಾರೆ. ಯಾವ ವಾಲ್ವು ಸೋರತ್ತೆ ಅಂತ ಅವರಿಗೇನು ಗೊತ್ತು? ಒಳಗೆ ಹನ್ನೆರಡು ಜನ ಇರ್ತೀವಿ’ ಎನ್ನುತ್ತಾನೆ. ಇಪ್ಪತ್ತು ವರ್ಷದಿಂದ ಚರ್ಚೆ ಕಲಿಸುತ್ತಿರುವವಳು ನಾನು. ಈ ವಾದದಲ್ಲಿ ಎಲ್ಲಿ ದೋಷವಿದೆ ಎಂದು ಹುಡುಕಿದೆ, ಸಿಗಲೆಂದು ಹಂಬಲಿಸಿ ಹುಡುಕಿದೆ. ಸಿಗಲಿಲ್ಲ. ಅದಕ್ಕೇ ನನಗೆ ಇಷ್ಟು ಭಯ.

ಈ ಪತ್ರ ಪತ್ರಿಕೆಯಲ್ಲಿ ಅಚ್ಚಾದರೆ ಅವನ ಕೆಲಸಕ್ಕೆ ಕುತ್ತು ಬರಬಹುದು. ಕೇಳಿದ್ದಕ್ಕೆ, ‘ಬರಿ ಅಕ್ಕಾ, ಮೈಮೇಲೆ ಬಂದ್ರೆ ನಾನು ನೋಡ್ಕೋತೀನಿ’ ಎಂದ. ನನ್ನ ತಿಳಿವಳಿಕೆಯೇ ತಪ್ಪಿರಬಹುದು, ಆ ವೈರು ಬೇರೆ ಯಾವುದೋ ಇರಬಹುದು ಎಂದೂ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಇದು ನನ್ನ ನಿಮ್ಮ ನಡುವಿನ ವಾಗ್ವಾದವೇ, ಮಾನ್ಯರೇ? ಕಚೇರಿಯಿಂದ ಇಪ್ಪತ್ತು ನಿಮಿಷದ ದಾರಿ. ಹೋಗಿ ಒಮ್ಮೆ ನೋಡಿದರೆ ಮುಗಿಯುವ ಮಾತಿಗೆ ಎರಡು ಪುಟದ ಉತ್ತರ ಏಕೆ ಬೇಕಾಯಿತು?

ಇದು ಪ್ರಕಟವಾಗುವ ದಿನ ಬೆಳಗ್ಗೆ ಎಂಟಕ್ಕೆ ಅವನ ಪಾಳಿ. ಅದಕ್ಕೆ ಮೊದಲು ನೀವೇ ಆ ಕೋಣೆಗೆ ಬನ್ನಿ. ದಾಖಲೆ ಪುಸ್ತಕ ಬೇಡ, ಅಳೆಯುವ ಉಪಕರಣ ತನ್ನಿ. ವೈರು ಜೋಡಿಸಿ, ಅಲಾರಂ ಕೂಗುವುದನ್ನು ನಿಮ್ಮ ಕಿವಿಯಿಂದ ಕೇಳಿ. ಕೂಗುವವರೆಗೆ, ಆ ವಾಲ್ವು ಬದಲಾಗುವವರೆಗೆ, ಆ ಹನ್ನೆರಡು ಜನರಲ್ಲಿ ಒಬ್ಬರನ್ನೂ ಒಳಗೆ ಬಿಡಬೇಡಿ. ಎಲ್ಲವೂ ಸರಿಯಾಗಿಯೇ ಇದ್ದರೆ ತುಂಬಿದ ಸಭೆಯಲ್ಲಿ ಕೈಮುಗಿದು ಕ್ಷಮೆ ಕೇಳುತ್ತೇನೆ. ಸೋಲಬೇಕೆಂದು ನಾನು ಇಷ್ಟು ಹಾತೊರೆದದ್ದು ಹಿಂದೆಂದೂ ಇಲ್ಲ.

ಇಂತಿ,
ನಯವಾಗಿ ಮಾತಾಡಿ ತಮ್ಮನನ್ನು ಒಳಗೆ ಕಳಿಸಿದ ಅಕ್ಕ